ಮೆಟ್ಟಿಲು ಕಿತ್ತ ಗಿಟಾರು

ಹಳೆಯ ವಾದ್ಯಗಳ ವ್ಯಾಪಾರದಲ್ಲಿ ಒಂದು ಅಲಿಖಿತ ನಿಯಮವಿದೆ. ವಾದ್ಯ ಕಾರ್ಖಾನೆಯಿಂದ ಹೇಗೆ ಹೊರಬಂತೋ ಹಾಗೆಯೇ ಇರಬೇಕು. ಅದರ ಬಣ್ಣ ಬದಲಾಗಿರಬಾರದು, ತಿರುಪು ಬದಲಾಗಿರಬಾರದು, ಒಳಗಿನ ತಂತಿಗಳಿಗೆ ಹೊಸ ಬೆಸುಗೆ ಬಿದ್ದಿರಬಾರದು. ಅಮೆರಿಕದ ಫೆಂಡರ್ ಕಂಪನಿ 1960ರ ದಶಕದ ಆರಂಭದಲ್ಲಿ ತಯಾರಿಸಿದ ಬೇಸ್ ಗಿಟಾರುಗಳಿಗೆ ಇಂದು ಸಂಗ್ರಹಕಾರರು ಭಾರೀ ಬೆಲೆ ತೆರುತ್ತಾರೆ. ಆದರೆ ಯಾರೋ ಒಬ್ಬ ವಾದಕ ತನ್ನ ಅನುಕೂಲಕ್ಕೆಂದು ಅದಕ್ಕೆ ಕೈ ಹಚ್ಚಿದ್ದಾನೆ ಎಂದು ತಿಳಿದರೆ ಸಾಕು, ಬೆಲೆ ಇಳಿಯುತ್ತದೆ.

ವಿಚಿತ್ರವೆಂದರೆ, ಬೇಸ್ ಗಿಟಾರುಗಳ ಪೈಕಿ ಜಗತ್ತಿನಲ್ಲಿ ಅತ್ಯಂತ ಹೆಸರುವಾಸಿಯಾದ ವಾದ್ಯ ಈ ನಿಯಮವನ್ನು ಅಕ್ಷರಶಃ ಮುರಿದಂಥದು. 1962ರ ಆ ಫೆಂಡರ್ ಜಾಝ್ ಬೇಸಿನ ಮೆಟ್ಟಿಲುಗಳನ್ನು ಕೀಳಲಾಗಿದೆ. ಅವುಗಳ ಸೀಳುಗಳನ್ನು ಮರದ ಲಪ್ಪದಿಂದ ತುಂಬಿ, ಮೇಲೆ ದೋಣಿಗಳಿಗೆ ಬಳಿಯುವ ಲೇಪವನ್ನು ಬಳಿಯಲಾಗಿದೆ. ಅದು ಒಮ್ಮೆ ಚೂರುಚೂರಾಗಿ ಮತ್ತೆ ಅಂಟಿಸಿಕೊಂಡಿದೆ, ಒಮ್ಮೆ ಕಳುವಾಗಿ ಇಪ್ಪತ್ತು ವರ್ಷ ಕಣ್ಮರೆಯಾಗಿತ್ತು. ಅದನ್ನು ನುಡಿಸಿದವರು ಜಾಕೊ ಪಾಸ್ಟೋರಿಯಸ್. ಬೇಸ್ ಗಿಟಾರಿನ ಇತಿಹಾಸವನ್ನು ಅವರ ಮೊದಲು ಮತ್ತು ಅವರ ನಂತರ ಎಂದು ಎರಡು ಭಾಗ ಮಾಡುವ ವಾದಕರು ಇಂದಿಗೂ ಇದ್ದಾರೆ.

ಹಾಗಾದರೆ ವಾದ್ಯವೊಂದು ಪೂರ್ಣಗೊಳ್ಳುವುದು ಎಲ್ಲಿ? ಕಾರ್ಖಾನೆಯಲ್ಲೋ, ವಾದಕನ ಕೈಯಲ್ಲೋ? ಈ ಪ್ರಶ್ನೆಗೆ ಉತ್ತರ ಹುಡುಕಲು ಬೇಸ್ ಗಿಟಾರು ತಕ್ಕ ಉದಾಹರಣೆ. ಕಳೆದ ಏಳು ದಶಕಗಳಲ್ಲಿ ಅದರ ಕತ್ತಿನ ಮೇಲಿನ ಮೆರುಗನ್ನೂ ಹೊಟ್ಟೆಯೊಳಗಿನ ವಿದ್ಯುತ್ ಭಾಗಗಳನ್ನೂ ವಾದಕರು ಬದಲಾಯಿಸುತ್ತಲೇ ಬಂದಿದ್ದಾರೆ.

ಕೇಳಿಸದ ಮಂದ್ರ

ಬೇಸ್ ಗಿಟಾರು ಹುಟ್ಟಿದ್ದೇ ಒಂದು ದೂರಿಗೆ ಉತ್ತರವಾಗಿ. ಪಾಶ್ಚಾತ್ಯ ವಾದ್ಯಮೇಳಗಳಲ್ಲಿ ಮಂದ್ರ ಸ್ವರಗಳ ಹೊಣೆ ಹೊತ್ತಿದ್ದುದು ಡಬಲ್ ಬೇಸ್. ನಿಂತ ಮನುಷ್ಯನಿಗಿಂತ ಎತ್ತರದ ಪಿಟೀಲು ಎಂದು ಅದನ್ನು ಕಲ್ಪಿಸಿಕೊಳ್ಳಬಹುದು. ಹೊತ್ತು ತಿರುಗುವುದು ಕಷ್ಟ. ಕಹಳೆ, ಡ್ರಮ್ಮು, ವಿದ್ಯುತ್ ಗಿಟಾರುಗಳ ಅಬ್ಬರದ ನಡುವೆ ಅದರ ದನಿ ಕೇಳಿಸುವುದೂ ಕಷ್ಟ. ಜೊತೆಗೆ, ಪಿಟೀಲಿನಂತೆ ಅದಕ್ಕೂ ಮೆಟ್ಟಿಲುಗಳಿಲ್ಲವಾದ್ದರಿಂದ ಸ್ವರಸ್ಥಾನವನ್ನು ಕಿವಿಯಿಂದಲೇ ಹುಡುಕಬೇಕು.

ದನಿ ಸಾಲದೆಂದು ವಾದ್ಯವನ್ನೇ ತಿದ್ದಿಕೊಳ್ಳುವುದು ಕನ್ನಡಿಗರಿಗೆ ಹೊಸ ಸಂಗತಿಯೇನಲ್ಲ. ಧ್ವನಿವರ್ಧಕ ಬಳಕೆಗೆ ಬರುವ ಮುನ್ನಿನ ಸಭೆಗಳಲ್ಲಿ ಪಿಟೀಲಿನ ದನಿ ಹಿಂದಿನ ಸಾಲುಗಳಿಗೆ ತಲುಪುತ್ತಿಲ್ಲವೆಂದು ಮೈಸೂರಿನ ಟಿ. ಚೌಡಯ್ಯನವರು ನಾಲ್ಕು ತಂತಿಗಳ ಜೊತೆಗೆ ಇನ್ನೂ ಮೂರನ್ನು ಸೇರಿಸಿಕೊಂಡಿದ್ದರು. ಅವರು ತಂತಿಯ ಸಂಖ್ಯೆಯಲ್ಲಿ ಕಂಡ ಪರಿಹಾರವನ್ನು ಅಮೆರಿಕದವರು ವಿದ್ಯುತ್ತಿನಲ್ಲಿ ಕಂಡರು.

ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ 1930ರ ದಶಕದಲ್ಲೇ ಕೈಯಲ್ಲಿ ಹಿಡಿದು ನುಡಿಸುವ, ಮೆಟ್ಟಿಲುಗಳಿರುವ ವಿದ್ಯುತ್ ಬೇಸ್ ಒಂದನ್ನು ತಯಾರಿಸಿದ್ದುಂಟು. ಅದು ಮಾರುಕಟ್ಟೆಯಲ್ಲಿ ನೆಲೆಯೂರಲಿಲ್ಲ. ಆ ಕೆಲಸ ಮಾಡಿದ್ದು ಕ್ಯಾಲಿಫೋರ್ನಿಯದ ಫುಲರ್ಟನ್ ಊರಿನಲ್ಲಿ ರೇಡಿಯೊ ರಿಪೇರಿ ಅಂಗಡಿಯಿಂದ ಆರಂಭಿಸಿ ಗಿಟಾರು ತಯಾರಿಕೆಗೆ ಇಳಿದಿದ್ದ ಲಿಯೊ ಫೆಂಡರ್. 1951ರಲ್ಲಿ ಅವರು ಹೊರತಂದ ವಾದ್ಯದ ಹೆಸರು 'ಪ್ರಿಸಿಷನ್ ಬೇಸ್'. ಪ್ರಿಸಿಷನ್ ಎಂದರೆ ಕರಾರುವಾಕ್ಕು. ಮೆಟ್ಟಿಲುಗಳಿದ್ದುದರಿಂದ ಬೆರಳನ್ನು ಹೆಚ್ಚುಕಡಿಮೆ ಜಾಗದಲ್ಲಿ ಒತ್ತಿದರೂ ಸ್ವರ ಮಾತ್ರ ಕರಾರುವಾಕ್ಕಾಗಿ ಬರುತ್ತಿತ್ತು. ಹೆಸರಿನ ಗುಟ್ಟು ಅದೇ.

1960ರಲ್ಲಿ ಅದೇ ಕಂಪನಿಯಿಂದ 'ಜಾಝ್ ಬೇಸ್' ಬಂತು. ಅದರ ಕತ್ತು ತುದಿಯಲ್ಲಿ ಇನ್ನಷ್ಟು ಕಿರಿದಾಗಿತ್ತು. ತಂತಿಯ ಕಂಪನವನ್ನು ಹಿಡಿಯುವ ಪಿಕಪ್‌ಗಳು ಒಂದರ ಬದಲು ಎರಡಿದ್ದವು. ಮುಂದೆ ಜಾಕೊ ಕೈಗೆ ಬಂದದ್ದು ಈ ಮಾದರಿಯೇ.

ಮರಕ್ಕೊಂದು ಅಂಗಿ

ಗಿಟಾರಿನ ಕತ್ತು ಎಂದರೆ ವೀಣೆಯ ದಂಡಿ ಇದ್ದ ಹಾಗೆ. ಫೆಂಡರ್ ವಾದ್ಯಗಳಲ್ಲಿ ಅದನ್ನು ಮೇಪಲ್ ಮರದಿಂದ ಮಾಡುತ್ತಾರೆ. ಮೇಪಲ್ ಗಟ್ಟಿ ಮರ, ಆದರೆ ತೆರೆದಿಟ್ಟರೆ ಗಾಳಿಯ ತೇವವನ್ನು ಕುಡಿಯುತ್ತದೆ. ಮಳೆಗಾಲದಲ್ಲಿ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುವುದನ್ನು ಎಲ್ಲರೂ ಕಂಡಿದ್ದಾರೆ. ಬಾಗಿಲಿನಲ್ಲಿ ಅದು ಸಣ್ಣ ಕಿರಿಕಿರಿ. ಬೇಸ್ ಗಿಟಾರಿನ ಕತ್ತಿನಲ್ಲಿ ಅದೇ ದೊಡ್ಡ ತೊಂದರೆ. ನಾಲ್ಕು ದಪ್ಪ ತಂತಿಗಳು ಕತ್ತನ್ನು ಸದಾ ಮುಂದಕ್ಕೆ ಜಗ್ಗುತ್ತಿರುತ್ತವೆ. ಅದನ್ನು ತಡೆಯಲು ಮರದೊಳಗೆ ಉಕ್ಕಿನ ಸರಳೊಂದನ್ನು ಹುದುಗಿಸಿರುತ್ತಾರೆ. ಮರ ಉಬ್ಬಿ ಕುಗ್ಗಿದಂತೆಲ್ಲ ಈ ಜಗ್ಗಾಟದ ಸಮತೋಲ ತಪ್ಪಿ ಕತ್ತು ಬಾಗುತ್ತದೆ, ತಂತಿಯ ಎತ್ತರ ಬದಲಾಗುತ್ತದೆ.

ಹಾಗಾಗಿ ಮೆರುಗೆಣ್ಣೆ ಕೇವಲ ಅಲಂಕಾರವಲ್ಲ. ಅದು ಮರಕ್ಕೆ ತೊಡಿಸಿದ ಅಂಗಿ. ಫೆಂಡರ್ ಕಂಪನಿ ಮೊದಲ ವರ್ಷಗಳಲ್ಲಿ ಬಳಸಿದ್ದು ನೈಟ್ರೊಸೆಲ್ಯುಲೋಸ್ ಲ್ಯಾಕರ್. ತೆಳುವಾದ ಈ ಲೇಪ ಬೆವರಿಗೂ ಉಜ್ಜಾಟಕ್ಕೂ ಸವೆದು ವರ್ಷಗಳು ಕಳೆದಂತೆ ಹಳದಿಗಟ್ಟುತ್ತದೆ. 1960ರ ದಶಕದ ಕೊನೆಯಲ್ಲಿ ಅದರ ಜಾಗಕ್ಕೆ ದಪ್ಪನೆಯ ಪಾಲಿಯೆಸ್ಟರ್ ಬಂತು. ಗಾಜಿನಂತೆ ಹೊಳೆಯುವ ಇದು ತೇವವನ್ನು ಚೆನ್ನಾಗಿ ತಡೆಯುತ್ತದೆ. ಆದರೆ ವೇದಿಕೆಯ ದೀಪಗಳ ಕಾವಿನಲ್ಲಿ ಕೈ ಬೆವತಾಗ ಹೆಬ್ಬೆರಳು ಅದಕ್ಕೆ ಅಂಟಿಕೊಂಡಂತಾಗುತ್ತದೆ. ಒಂದು ಸ್ವರದಿಂದ ದೂರದ ಇನ್ನೊಂದಕ್ಕೆ ಹಾರಬೇಕಾದ ಎಡಗೈಗೆ ಆ ಕ್ಷಣದ ತಡವರಿಕೆಯೂ ಹೆಚ್ಚೇ.

ವಾದಕರು ಮಾಡಿಕೊಳ್ಳುವ ಅತ್ಯಂತ ಸಾಮಾನ್ಯ ಮಾರ್ಪಾಡು ಹುಟ್ಟಿದ್ದು ಇಲ್ಲಿಂದ. ಕೆಲವರು ಕತ್ತಿನ ಹಿಂಭಾಗವನ್ನು ನಯವಾದ ಉಪ್ಪುಕಾಗದದಿಂದ ಲಘುವಾಗಿ ಉಜ್ಜಿ ಹೊಳಪನ್ನಷ್ಟೇ ತೆಗೆಯುತ್ತಾರೆ. ಮೆರುಗು ಮಂಕಾಗುತ್ತದೆ, ಕೈ ಸಲೀಸಾಗಿ ಜಾರುತ್ತದೆ, ಮರದ ಮೇಲಿನ ಹೊದಿಕೆ ಉಳಿಯುತ್ತದೆ. ಇನ್ನು ಕೆಲವರು ಲೇಪವನ್ನು ಪೂರ್ತಿಯಾಗಿ ಕೆರೆದು ಅಗಸೆ ಎಣ್ಣೆಯನ್ನೋ ಟಂಗ್ ಎಣ್ಣೆಯನ್ನೋ ತೆಳುವಾಗಿ ಹಲವು ಸಲ ಉಜ್ಜುತ್ತಾರೆ. ಎಣ್ಣೆ ಮರದ ಮೇಲೆ ಪದರವಾಗಿ ಕೂರುವ ಬದಲು ಒಳಗೆ ಇಳಿದು ಗಟ್ಟಿಯಾಗುತ್ತದೆ, ಕೈಗೆ ಮರವೇ ತಾಗಿದ ಅನುಭವ ಕೊಡುತ್ತದೆ.

ಈ ಸುಖಕ್ಕೆ ಒಂದು ಬೆಲೆಯಿದೆ. ಎಣ್ಣೆ ತೇವವನ್ನು ಪಾಲಿಯೆಸ್ಟರಿನಷ್ಟು ತಡೆಯದು, ಕಾಲಕಾಲಕ್ಕೆ ಮತ್ತೆ ಹಚ್ಚಬೇಕು. ಋತು ಬದಲಾದಾಗ ಕತ್ತಿನೊಳಗಿನ ಸರಳನ್ನು ತಿರುಗಿಸಿ ಸರಿಪಡಿಸಬೇಕಾದ ಪ್ರಮೇಯ ಹೆಚ್ಚುತ್ತದೆ. ಬೆವರಿನ ಕೊಳೆ ಮರಕ್ಕೆ ಇಳಿದು ಕಪ್ಪಾಗುತ್ತದೆ. ಇನ್ನೊಂದು ಅಪಾಯ ಅನೇಕರಿಗೆ ಗೊತ್ತಿರುವುದಿಲ್ಲ. ಅಗಸೆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಶಾಖ ಹೊರಬಿಡುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಶಾಖ ಒಳಗೇ ಕೂಡಿಕೊಂಡು ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಆದ್ದರಿಂದ ಅದನ್ನು ಹರವಿ ಒಣಗಿಸುವುದು ಅಥವಾ ನೀರಿನಲ್ಲಿ ನೆನೆಸಿಡುವುದು ಅಗತ್ಯ.

ಕತ್ತಿನ ಮುಂಭಾಗದ ಕಥೆ ಬೇರೆ. ತಂತಿಗಳ ಕೆಳಗೆ ಬೆರಳು ಒತ್ತುವ ಹಲಗೆ ಮೇಪಲ್ ಮರದ್ದಾದರೆ ಅದಕ್ಕೂ ಮೆರುಗು ಬೇಕು. ಬೀಟೆ ಮರದ್ದಾದರೆ ಬೇಡ. ಬೀಟೆಯಲ್ಲಿ ಸಹಜವಾಗಿ ಎಣ್ಣೆಯ ಅಂಶವಿರುವುದರಿಂದ ಅದನ್ನು ಬರಿದಾಗಿಯೇ ಬಿಡುವುದು ರೂಢಿ. ಫೆಂಡರ್ ಆರಂಭದಲ್ಲಿ ಬಳಸಿದ್ದು ಬ್ರೆಜಿಲ್ ದೇಶದ ಬೀಟೆ. ಅದು ವಿರಳವಾಗುತ್ತ ಹೋದಂತೆ ಗಿಟಾರು ತಯಾರಕರು ಭಾರತದ ಬೀಟೆಯತ್ತ ತಿರುಗಿದರು. ನಮ್ಮ ಪಶ್ಚಿಮಘಟ್ಟಗಳ ಕಾಡಿನಲ್ಲಿ ಬೆಳೆಯುವ, ಹಳೆಯ ಮನೆಗಳ ಮಂಚ ಕುರ್ಚಿಗಳಲ್ಲಿ ಕಾಣುವ ಮರವೇ ಅದು.

ಮೆಟ್ಟಿಲು ಕಿತ್ತಾಗ

ವೀಣೆಯಲ್ಲಿ ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸುತ್ತಾರೆ. ಶ್ರುತಿ ತಪ್ಪಿತೆನಿಸಿದರೆ ಮೇಣವನ್ನು ಕಾಯಿಸಿ, ಮೆಟ್ಟಿಲನ್ನು ಸರಿಸಿ ಕೂರಿಸಬಹುದು. ಗಿಟಾರಿನ ಮೆಟ್ಟಿಲಿಗೆ ಈ ಸೌಲಭ್ಯವಿಲ್ಲ. ಹಲಗೆಯಲ್ಲಿ ಗರಗಸದಿಂದ ಕೊರೆದ ಸಣ್ಣ ಸೀಳಿಗೆ ಲೋಹದ ಪಟ್ಟಿಯನ್ನು ಬಡಿದು ಕೂರಿಸಿರುತ್ತಾರೆ. ಕೀಳಬೇಕಾದರೆ ಪಟ್ಟಿಯನ್ನು ಕಾಯಿಸಿ, ಮರ ಸಿಬಿರೇಳದಂತೆ ಇಕ್ಕಳದಿಂದ ಒಂದು ತುದಿಯಿಂದ ಮೆಲ್ಲನೆ ಎಬ್ಬಿಸುತ್ತ ಹೋಗಬೇಕು.

ಕರಾರುವಾಕ್ಕು ಸ್ವರ ಬರಲೆಂದೇ ಹಾಕಿದ ಮೆಟ್ಟಿಲನ್ನು ಕೀಳುವುದೇಕೆ? ಮೆಟ್ಟಿಲು ಸ್ವರಗಳನ್ನು ಬಿಡಿಬಿಡಿಯಾಗಿಸುತ್ತದೆ. ಎರಡು ಸ್ವರಗಳ ನಡುವಿನ ದಾರಿ ಅಲ್ಲಿ ಮುಚ್ಚಿಹೋಗಿರುತ್ತದೆ. ಮೆಟ್ಟಿಲಿಲ್ಲದ ಹಲಗೆಯಲ್ಲಿ ಬೆರಳು ಒಂದರಿಂದ ಇನ್ನೊಂದಕ್ಕೆ ಜಾರಬಹುದು, ಸ್ವರವನ್ನು ತೂಗಬಹುದು, ಹಾಡುವ ಕೊರಳಿನಂತೆ ಸ್ವರದ ಅಂಚನ್ನು ಮೃದುಗೊಳಿಸಬಹುದು. ಗಮಕಕ್ಕೆ ಒಗ್ಗಿದ ಕಿವಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇನ್ನೊಂದು ಗುಣವೂ ಇದೆ. ಮೆಟ್ಟಿಲಿನ ಚೂಪಾದ ಲೋಹದ ಮೇಲೆ ನಿಲ್ಲಬೇಕಾದ ತಂತಿ ಇಲ್ಲಿ ಬೆರಳ ತುದಿ ಮತ್ತು ಹಲಗೆಯ ನಡುವೆ ನಿಲ್ಲುತ್ತದೆ. ಕಂಪಿಸುವಾಗ ಹಲಗೆಯನ್ನು ಅಷ್ಟಷ್ಟೇ ಸವರುತ್ತ ಹೋಗುತ್ತದೆ. ಸ್ವರ ಮೀಟಿದ ಮರುಕ್ಷಣದಲ್ಲಿ ಅರಳಿದಂತೆ ಕೇಳುವ ಒಂದು ಬಗೆಯ ಮೂಗುದನಿ ಬರುವುದು ಇದರಿಂದ.

ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ತಂಡದ ಬಿಲ್ ವೈಮನ್ 1961ರಲ್ಲಿ ಅಗ್ಗದ ಬೇಸ್ ಒಂದನ್ನು ಕೊಂಡು, ಹೊಸ ಮೆಟ್ಟಿಲು ಹಾಕಿಸುವ ಯೋಚನೆಯಿಂದ ಹಳೆಯವನ್ನು ಕಿತ್ತರಂತೆ. ಆಮೇಲೆ ಬಂದ ದನಿ ಹಿಡಿಸಿ ಹಾಗೆಯೇ ಬಿಟ್ಟರು. 1966ರಲ್ಲಿ ಆಂಪೆಗ್ ಕಂಪನಿ, 1970ರಲ್ಲಿ ಫೆಂಡರ್ ಕಂಪನಿ ತಾವೇ ಮೆಟ್ಟಿಲಿಲ್ಲದ ಬೇಸ್‌ಗಳನ್ನು ಮಾರಲು ತೊಡಗಿದವು. ಮೆಟ್ಟಿಲಿನ ಹೆಮ್ಮೆಯನ್ನು ಹೆಸರಿನಲ್ಲೇ ಹೊತ್ತ ಪ್ರಿಸಿಷನ್ ಬೇಸ್ ಕೊನೆಗೆ ಮೆಟ್ಟಿಲಿಲ್ಲದೆಯೂ ದೊರೆಯುವಂತಾಯಿತು.

ಆದರೆ ಕಷ್ಟಗಳು ಕಡಿಮೆಯಿರಲಿಲ್ಲ. ಫೆಂಡರ್ ಬೇಸಿನ ಕುದುರೆಯಿಂದ ಕತ್ತಿನ ತುದಿಯವರೆಗೆ ತಂತಿಯ ಉದ್ದ 34 ಅಂಗುಲ, ಅಂದರೆ ಸುಮಾರು 86 ಸೆಂಟಿಮೀಟರ್. ಅದರ ನಟ್ಟನಡುವೆ, ಹನ್ನೆರಡನೇ ಮೆಟ್ಟಿಲಿನ ಬಳಿ, ಒಂದು ಅರ್ಧಸ್ವರದ ಅಂತರ ಎರಡೂವರೆ ಸೆಂಟಿಮೀಟರಿನಷ್ಟು ಮಾತ್ರ. ಅಲ್ಲಿ ಬೆರಳು ಎರಡು ಮಿಲಿಮೀಟರ್ ಆಚೀಚೆಯಾದರೂ ಸೂಕ್ಷ್ಮ ಕಿವಿಗೆ ಅಪಸ್ವರ. ಕೀಳುವ ಕೆಲಸವೂ ಅಲ್ಲಿಗೆ ಮುಗಿಯದು. ಖಾಲಿ ಸೀಳುಗಳಿಂದ ಹಲಗೆಯ ಬಿಗುವು ಕುಗ್ಗುವುದರಿಂದ ಅವನ್ನು ತುಂಬಬೇಕು. ಮೆಟ್ಟಿಲಿನ ಎತ್ತರ ಇಲ್ಲವಾದುದರಿಂದ ತಂತಿಗಳನ್ನು ತಗ್ಗಿಸಬೇಕು. ಹಲಗೆಯನ್ನು ಸಮತಟ್ಟಾಗಿ ಉಜ್ಜಬೇಕು. ಇಷ್ಟೆಲ್ಲ ಆದ ಮೇಲೆ ಎದುರಾಗುವುದು ಅಸಲಿ ಸಮಸ್ಯೆ: ಉಕ್ಕಿನ ತಂತಿ ಬರಿಯ ಮರವನ್ನು ತಿನ್ನತೊಡಗುತ್ತದೆ.

ದೋಣಿಯ ಮೆರುಗು

ಜಾಕೊ ಪಾಸ್ಟೋರಿಯಸ್ ಹುಟ್ಟಿದ್ದು 1951ರ ಡಿಸೆಂಬರ್ 1ರಂದು, ಪೆನ್ಸಿಲ್ವೇನಿಯಾದಲ್ಲಿ. ಪ್ರಿಸಿಷನ್ ಬೇಸ್ ಹುಟ್ಟಿದ ವರ್ಷವೂ ಅದೇ. ಬೆಳೆದದ್ದು ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ. ಮೊದಲು ಡ್ರಮ್ ಬಾರಿಸುತ್ತಿದ್ದ ಹುಡುಗ ಆಟದಲ್ಲಿ ಮಣಿಕಟ್ಟಿಗೆ ಪೆಟ್ಟು ಮಾಡಿಕೊಂಡ ಮೇಲೆ ಬೇಸ್ ಹಿಡಿದ. ಮರದ ಡಬಲ್ ಬೇಸನ್ನೂ ಪ್ರಯತ್ನಿಸಿದ್ದುಂಟು. ಆದರೆ ಕಡಲತೀರದ ತೇವದಲ್ಲಿ ಅಂಥ ವಾದ್ಯ ಬಾಳುವುದು ಕಷ್ಟ. ಡಬಲ್ ಬೇಸಿನ ಜಾರುವ ದನಿ, ವಿದ್ಯುತ್ ಗಿಟಾರಿನ ಗಟ್ಟಿತನ ಎರಡೂ ಅವರಿಗೆ ಒಂದೇ ವಾದ್ಯದಲ್ಲಿ ಬೇಕಿತ್ತು.

1962ರ ಆ ಜಾಝ್ ಬೇಸಿನ ಮೆಟ್ಟಿಲುಗಳನ್ನು ತಾವೇ ಕಿತ್ತಿದ್ದಾಗಿ ಜಾಕೊ ಒಮ್ಮೆ ಹೇಳಿದರು. ಕೊಳ್ಳುವಾಗಲೇ ಯಾರೋ ಒರಟಾಗಿ ಕಿತ್ತಿದ್ದರೆಂದು ಇನ್ನೊಮ್ಮೆ ಹೇಳಿದರು. ಯಾರೇ ಕಿತ್ತಿರಲಿ, ಮುಖ್ಯವಾದುದು ಆಮೇಲೆ ಜಾಕೊ ಮಾಡಿದ ಕೆಲಸ. ಸೀಳುಗಳಿಗೂ ಸಿಬಿರೆದ್ದ ಕಡೆಗಳಿಗೂ ಮರದ ಲಪ್ಪ ತುಂಬಿದರು. ಅದರ ಮೇಲೆ ದೋಣಿಗಳಿಗೆ ಬಳಿಯುವ ಇಪಾಕ್ಸಿಯನ್ನು ಹಲವು ಪದರಗಳಾಗಿ ಬಳಿದರು. ಕಾಲುವೆಗಳ ಊರೆಂದೇ ಹೆಸರಾದ, ದೋಣಿ ವಿಹಾರನೌಕೆಗಳೇ ತುಂಬಿದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ಅಂಥ ಲೇಪ ಕೈಗೆಟಕುವ ವಸ್ತು.

ಇಪಾಕ್ಸಿ ಎಂದರೆ ಮನೆಗಳಲ್ಲಿ ಬಳಸುವ ಆರಲ್ಡೈಟ್ ಅಂಟಿನ ಜಾತಿಗೆ ಸೇರಿದ್ದು. ರಾಳ ಒಂದು, ಗಟ್ಟಿಕಾರಕ ಇನ್ನೊಂದು. ಎರಡನ್ನೂ ಬೆರೆಸಿದಾಗ ಅಣುಗಳು ಪರಸ್ಪರ ಹೆಣೆದುಕೊಂಡು ಕಲ್ಲಿನಂತಾಗುತ್ತವೆ. ಉಪ್ಪುನೀರಿನಿಂದ ದೋಣಿಯ ಮರವನ್ನು ಕಾಯುವ ಗುಣ ಗಿಟಾರಿನ ಹಲಗೆಯನ್ನು ತಂತಿಯಿಂದ ಕಾಯಲು ಒದಗಿತು.

ಜಾಕೊ ಬಳಸುತ್ತಿದ್ದ ತಂತಿಯ ಸಂಗತಿಯನ್ನೂ ಇಲ್ಲಿ ಹೇಳಬೇಕು. ಬೇಸಿನ ತಂತಿಯಲ್ಲಿ ಒಳಗಿನ ಉಕ್ಕಿನ ಎಳೆಯ ಸುತ್ತ ಇನ್ನೊಂದು ತಂತಿಯನ್ನು ಸುತ್ತಿರುತ್ತಾರೆ. ಸುತ್ತುವುದು ಚಪ್ಪಟೆ ಪಟ್ಟಿಯಾದರೆ ಮೈ ನುಣುಪು, ದನಿ ಮಂದ. ಗುಂಡನೆಯ ತಂತಿಯಾದರೆ ಮೈ ಅರದ ಹಾಗೆ ಒರಟು, ದನಿ ಉಜ್ವಲ. ಮೆಟ್ಟಿಲಿಲ್ಲದ ವಾದ್ಯಕ್ಕೆ ಮರ ಉಳಿಯಲೆಂದು ನುಣುಪು ತಂತಿ ಹಾಕುವುದೇ ಅಂದಿನ ರೂಢಿ. ಜಾಕೊ ಹಾಕಿದ್ದು ಇಂಗ್ಲೆಂಡಿನ ರೋಟೋಸೌಂಡ್ ಕಂಪನಿಯ ಒರಟು ತಂತಿ. ಇಪಾಕ್ಸಿಯ ಕವಚವಿದ್ದುದರಿಂದಲೇ ಅದು ಸಾಧ್ಯವಾಯಿತು. ಆ ಗಡಸು ಮೈಯೇ ದನಿಗೆ ಹೊಳಪನ್ನೂ ದೀರ್ಘತೆಯನ್ನೂ ಕೊಟ್ಟಿತು. ಮರವನ್ನು ಉಳಿಸಲೆಂದು ಬಳಿದ ಲೇಪ ಹೊಸ ನಾದವನ್ನೇ ತಂದಿತು.

1976ರಲ್ಲಿ ಅವರ ಹೆಸರಿನ ಮೊದಲ ಧ್ವನಿಮುದ್ರಿಕೆ ಹೊರಬಂತು. ಅದೇ ವರ್ಷ ಜೋನಿ ಮಿಚೆಲ್ ಅವರ 'ಹೆಜಿರಾ', ಪ್ಯಾಟ್ ಮೆಥೆನಿ ಅವರ 'ಬ್ರೈಟ್ ಸೈಜ್ ಲೈಫ್', ಮರುವರ್ಷ 'ವೆದರ್ ರಿಪೋರ್ಟ್' ತಂಡದ 'ಹೆವಿ ವೆದರ್'. ಈ ಎಲ್ಲದರಲ್ಲೂ ಹಿನ್ನೆಲೆಯಲ್ಲಿ ತಾಳಕ್ಕೆ ಆಸರೆಯಾಗಿ ನಿಂತಿರುತ್ತಿದ್ದ ಬೇಸ್ ಮುಂದೆ ಬಂದು ಹಾಡತೊಡಗಿತ್ತು. ಊರೂರುಗಳಲ್ಲಿ ಯುವಕರು ತಮ್ಮ ಗಿಟಾರುಗಳ ಮೆಟ್ಟಿಲು ಕೀಳಲು ಇಕ್ಕಳ ಹಿಡಿದು ಕೂತರು. ಮೆಟ್ಟಿಲು ಹೋದ ಮಾತ್ರಕ್ಕೆ ಜಾಕೊ ಅವರ ಕೈ, ಕಿವಿ ಬರುವುದಿಲ್ಲವೆಂಬುದು ಅನೇಕರಿಗೆ ತಿಳಿದದ್ದು ಆಮೇಲೆ.

ಅಯಸ್ಕಾಂತದ ಆಟ

ಕತ್ತಿನದು ಮರದ ಕೆಲಸವಾದರೆ, ಹೊಟ್ಟೆಯೊಳಗಿನದು ವಿದ್ಯುತ್ತಿನ ಕೆಲಸ. ತಂತಿಗಳ ಕೆಳಗಿರುವ ಪಿಕಪ್‌ನಲ್ಲಿ ಅಯಸ್ಕಾಂತದ ಕಡ್ಡಿಗಳು, ಅವುಗಳ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತುಗಳು. ಮೇಲೆ ಉಕ್ಕಿನ ತಂತಿ ಅಲುಗಿದಾಗ ಕಾಂತಕ್ಷೇತ್ರ ಅಲುಗಿ ತಾಮ್ರದ ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ತೋರಿಸಿಕೊಟ್ಟ ತತ್ವವೇ ಇದು. ಅಣೆಕಟ್ಟಿನ ಜನರೇಟರನ್ನು ನಡೆಸುವುದೂ ಅದೇ.

ಪಿಕಪ್ ಎಲ್ಲಿದೆ ಎಂಬುದೂ ಮುಖ್ಯ. ತಂತಿ ಕತ್ತಿನ ಕಡೆ ಅಗಲವಾಗಿ ತೂಗುತ್ತದೆ, ಅಲ್ಲಿ ದನಿ ದುಂಡಗೆ. ಕುದುರೆಯ ಹತ್ತಿರ ತೂಗಾಟ ಕಿರಿದು, ಅಲ್ಲಿ ದನಿ ಚುರುಕು. ಜಾಕೊ ಕುದುರೆ ಬದಿಯ ಪಿಕಪ್ಪನ್ನೇ ಹೆಚ್ಚು ನೆಚ್ಚಿ, ಬಲಗೈಯನ್ನೂ ಅಲ್ಲಿಯೇ ಇಟ್ಟು ನುಡಿಸುತ್ತಿದ್ದರು. ಅವರ ದನಿಯ ಗುಟ್ಟಿನಲ್ಲಿ ಇಪಾಕ್ಸಿಗೆ ಎಷ್ಟು ಪಾಲಿದೆಯೋ ಇದಕ್ಕೂ ಅಷ್ಟೇ ಇದೆ.

ಇಲ್ಲೊಂದು ತೊಡಕುಂಟು. ತಾಮ್ರದ ಸುರುಳಿ ಗಿಟಾರಿನ ತಂತಿಯನ್ನಷ್ಟೇ ಕೇಳುವುದಿಲ್ಲ. ಮನೆಯ ವಿದ್ಯುತ್ ತಂತಿಗಳು, ಟ್ಯೂಬ್‌ಲೈಟುಗಳು ಹೊರಬಿಡುವ ಕ್ಷೇತ್ರವನ್ನೂ ಅದು ಹಿಡಿಯುತ್ತದೆ. ಧ್ವನಿವರ್ಧಕದಲ್ಲಿ ಕೇಳಿಬರುವ ಗುಂಯ್‌ ಎಂಬ ಸದ್ದು ಇದೇ. ಜಾಝ್ ಬೇಸಿನ ಎರಡು ಪಿಕಪ್‌ಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಸುತ್ತಿರುತ್ತಾರೆ. ಎರಡನ್ನೂ ಸಮನಾಗಿ ತೆರೆದರೆ ಒಂದರ ಗುಂಯ್ಕಾರವನ್ನು ಇನ್ನೊಂದು ಅಳಿಸುತ್ತದೆ. ಒಂದನ್ನು ತಗ್ಗಿಸಿದೊಡನೆ ಗುಂಯ್ಕಾರ ಮರಳುತ್ತದೆ. ಇದಕ್ಕಾಗಿ ವಾದಕರು ಗಿಟಾರಿನ ಒಳಗುಳಿಗಳಿಗೆ ತೆಳುವಾದ ತಾಮ್ರದ ತಗಡನ್ನು ಅಂಟಿಸಿ ಭೂಸಂಪರ್ಕದ ತಂತಿಗೆ ಬೆಸೆಯುತ್ತಾರೆ. ಹೊರಗಿನ ಗದ್ದಲದ ಒಂದು ಪಾಲು ಆ ತಗಡಿನಲ್ಲೇ ಇಂಗಿಹೋಗುತ್ತದೆ. ಅಗ್ಗದ, ಆದರೆ ಅತ್ಯಂತ ಫಲ ಕೊಡುವ ಮಾರ್ಪಾಡು ಇದು.

ಎರಡನೆಯ ತೊಡಕು ಉದ್ದನೆಯ ಕೇಬಲ್ಲಿನದು. ಪಿಕಪ್‌ನ ದುರ್ಬಲ ಸಂಕೇತ ಕೇಬಲ್ಲಿನಲ್ಲಿ ಸಾಗುವಾಗ ಅದರ ತಾರ ಅಂಶಗಳು ದಾರಿಯಲ್ಲೇ ಸೋರಿಹೋಗುತ್ತವೆ. ಗಿಟಾರಿನ ಮೇಲಿರುವ ಗುಂಡಿಗಳೋ, ಇದ್ದುದನ್ನು ಕಡಿಮೆ ಮಾಡಬಲ್ಲವೇ ಹೊರತು ಹೆಚ್ಚಿಸಲಾರವು.

ಬ್ಯಾಟರಿ ಬಂತು

ಇದಕ್ಕೆ ಉತ್ತರ ಹುಡುಕಿದವರು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಿನ, ಗ್ರೇಟ್‌ಫುಲ್ ಡೆಡ್ ತಂಡದ ಒಡನಾಟದಲ್ಲಿ 1969ರಲ್ಲಿ ರೂಪುಗೊಂಡ ಅಲೆಂಬಿಕ್ ಬಳಗದವರು. ಅವರಲ್ಲೊಬ್ಬರಾದ ರಾನ್ ವಿಕರ್‌ಶಾಮ್ ಎಲೆಕ್ಟ್ರಾನಿಕ್ಸ್ ಎಂಜಿನಿಯರ್. ಫಿಲ್ ಲೆಶ್, ಜ್ಯಾಕ್ ಕ್ಯಾಸಡಿ ಮೊದಲಾದ ವಾದಕರ ಬೇಸ್‌ಗಳನ್ನು ಬಿಚ್ಚಿ, ಬ್ಯಾಟರಿಯಿಂದ ನಡೆಯುವ ಪುಟ್ಟ ಪ್ರಿಆಂಪ್ಲಿಫೈಯರನ್ನು ಅವರು ವಾದ್ಯದೊಳಗೇ ಕೂರಿಸಿದರು. ಸಂಕೇತ ಕೇಬಲ್ಲಿಗೆ ಇಳಿಯುವ ಮುನ್ನವೇ ಬಲಗೊಂಡದ್ದರಿಂದ ಸೋರಿಕೆ ನಿಂತಿತು. ಮಂದ್ರವನ್ನೂ ತಾರವನ್ನೂ ಬೇಕೆಂದಾಗ ಏರಿಸುವ ಅಧಿಕಾರ ವಾದಕನ ಬೆರಳಿಗೆ ಬಂತು. ಆ ಹೊತ್ತಿಗೆ ತಮ್ಮ ಹಳೆಯ ಕಂಪನಿಯನ್ನು ಮಾರಿದ್ದ ಲಿಯೊ ಫೆಂಡರ್ ಅವರೇ 1976ರಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿಯ 'ಸ್ಟಿಂಗ್‌ರೇ' ಬೇಸಿನಲ್ಲಿ ಇಂಥ ವ್ಯವಸ್ಥೆಯನ್ನು ಕಾರ್ಖಾನೆಯಲ್ಲೇ ಅಳವಡಿಸಿದರು.

ನ್ಯೂಯಾರ್ಕಿನಲ್ಲಿ ಈ ಮಾರ್ಪಾಡಿಗೆ ಹೆಸರಾದವರು ರೋಜರ್ ಸಡೌಸ್ಕಿ. ಸ್ಟುಡಿಯೊಗಳಲ್ಲಿ ದಿನಕ್ಕೆ ಹಲವು ಧ್ವನಿಮುದ್ರಣಗಳಿಗೆ ನುಡಿಸುವ ವಾದಕರಿಗೆ ಗದ್ದಲವಿಲ್ಲದ, ಮೊದಲ ಸಲವೇ ಒಪ್ಪಿಗೆಯಾಗುವ ದನಿ ಬೇಕಿತ್ತು. ಯುವ ವಾದಕ ಮಾರ್ಕಸ್ ಮಿಲ್ಲರ್ ಅವರ 1977ರ ಜಾಝ್ ಬೇಸಿಗೆ ಸಡೌಸ್ಕಿ ಪ್ರಿಆಂಪ್ಲಿಫೈಯರ್ ಅಳವಡಿಸಿಕೊಟ್ಟರು. ಕುದುರೆಯ ಜಾಗಕ್ಕೆ ಭಾರವಾದ ಹೊಸದೊಂದು ಬಂತು. ತಂತಿಯನ್ನು ಹೆಬ್ಬೆರಳಿನಿಂದ ಬಡಿದು, ಇನ್ನೊಂದು ಬೆರಳಿನಿಂದ ಸೆಳೆದು ಬಿಡುವ ಮಿಲ್ಲರ್ ಅವರ ಶೈಲಿಗೆ ಆ ಸ್ಪಷ್ಟತೆ ಹೇಳಿ ಮಾಡಿಸಿದಂತಿತ್ತು. 1986ರಲ್ಲಿ ಬಂದ ಮೈಲ್ಸ್ ಡೇವಿಸ್ ಅವರ 'ಟುಟು' ಧ್ವನಿಮುದ್ರಿಕೆಯ ಬಹುಪಾಲು ಸಂಗೀತ ರಚಿಸಿ ಬೇಸ್ ನುಡಿಸಿದವರು ಇವರೇ.

ಇಲ್ಲಿಯೂ ಲಾಭದ ಜೊತೆ ನಷ್ಟವಿದೆ. ಕಛೇರಿಯ ನಡುವೆ ಬ್ಯಾಟರಿ ಸತ್ತರೆ ವಾದ್ಯ ಮೂಕವಾಗುತ್ತದೆ. ಹಾಗಾಗಬಾರದೆಂದು ಅನೇಕರು ಪ್ರಿಆಂಪ್ಲಿಫೈಯರನ್ನು ಬದಿಗಿರಿಸಿ ಹಳೆಯ ದಾರಿಯಲ್ಲೇ ಸಂಕೇತ ಹರಿಯುವಂತೆ ಒಂದು ಸ್ವಿಚ್ಚನ್ನು ಹಾಕಿಸಿಕೊಳ್ಳುತ್ತಾರೆ. ತಾರವನ್ನು ಏರಿಸಿದರೆ ಬೆರಳು ಉಜ್ಜುವ ಸದ್ದು, ಯಂತ್ರದ ಸುಯ್‌ಗುಟ್ಟುವಿಕೆಯೂ ಏರುತ್ತದೆ. ಬ್ಯಾಟರಿ ಇಡಲು ಜಾಗ ಸಾಲದಿದ್ದರೆ ವಾದ್ಯದ ಮೈಯನ್ನು ಕೊರೆಯಬೇಕಾಗುತ್ತದೆ.

ಮುಟ್ಟದೆ ಬಿಟ್ಟವರು

ಇಷ್ಟೆಲ್ಲ ಹೇಳಿದ ಮೇಲೆ, ಏನನ್ನೂ ಬದಲಿಸದೆ ಇತಿಹಾಸ ನಿರ್ಮಿಸಿದವರನ್ನು ಮರೆಯುವಂತಿಲ್ಲ. ಡೆಟ್ರಾಯಿಟ್ ನಗರದ ಮೋಟೌನ್ ಕಂಪನಿಯ 1960ರ ದಶಕದ ಜನಪ್ರಿಯ ಹಾಡುಗಳಲ್ಲಿ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಬಳಿಯೂ 1962ರ ಫೆಂಡರ್ ವಾದ್ಯವಿತ್ತು, ಪ್ರಿಸಿಷನ್ ಬೇಸ್. ಅವರು ಮೆರುಗು ಕೆರೆಯಲಿಲ್ಲ, ಬ್ಯಾಟರಿ ಹಾಕಲಿಲ್ಲ. ನುಣುಪು ತಂತಿಯನ್ನು ಕೂಡ ತುಂಡಾದರಷ್ಟೇ ಬದಲಿಸುತ್ತಿದ್ದರು. ಹಳೆಯ ತಂತಿಯ ಮಂಕು ದನಿಯೇ ಅವರಿಗೆ ಬೇಕಾದ ದನಿಯಾಗಿತ್ತು.

ಜೇಮರ್ಸನ್ ಮತ್ತು ಜಾಕೊ ಇಬ್ಬರೂ ಒಂದೇ ಪ್ರಶ್ನೆಗೆ ಉತ್ತರ ಕಂಡವರು. ಕಿವಿಯಲ್ಲಿ ಕೇಳುತ್ತಿರುವ ನಾದ ಕೈಯಲ್ಲಿರುವ ವಾದ್ಯದಿಂದ ಬರುತ್ತಿದೆಯೇ? ಬರುತ್ತಿದ್ದರೆ ಮುಟ್ಟುವ ಅಗತ್ಯವಿಲ್ಲ. ಬರದಿದ್ದರೆ ಮಾತ್ರ ಇಕ್ಕಳ, ಉಪ್ಪುಕಾಗದಗಳಿಗೆ ಕೆಲಸ. ಕೇಳಬೇಕಾದ ನಾದ ಯಾವುದೆಂದೇ ಗೊತ್ತಿಲ್ಲದೆ ವಾದ್ಯ ಬಿಚ್ಚಿದರೆ ಉಳಿಯುವುದು ಬಿಚ್ಚಿದ ವಾದ್ಯ ಮಾತ್ರ.

ಮಾರ್ಪಾಡುಗಳಲ್ಲಿಯೂ ತಾರತಮ್ಯ ಉಂಟು. ವಿದ್ಯುತ್ ಭಾಗಗಳನ್ನು ಬದಲಿಸಿದವರು ಹಳೆಯ ಪಿಕಪ್, ಗುಂಡಿ, ಕೆಪಾಸಿಟರುಗಳನ್ನು ಡಬ್ಬಿಯಲ್ಲಿ ಎತ್ತಿಟ್ಟರೆ ಎಂದಾದರೂ ಮರಳಿ ಬೆಸೆಯಬಹುದು. ಕೆರೆದ ಮೆರುಗು, ಕಿತ್ತ ಮೆಟ್ಟಿಲು, ಕೊರೆದ ಮರ ಹಾಗಲ್ಲ. ಫೆಂಡರ್ ಬೇಸ್‌ಗಳ ಕತ್ತು ನಾಲ್ಕು ತಿರುಪುಗಳಿಂದ ಮೈಗೆ ಸೇರಿರುವುದರಿಂದ, ಪ್ರಯೋಗಕ್ಕೆಂದು ಬೇರೊಂದು ಕತ್ತನ್ನು ತಂದು ಜೋಡಿಸಿ ಮೂಲದ್ದನ್ನು ಕಾಪಾಡುವ ದಾರಿಯೂ ಇದೆ. ರಿಪೇರಿ ಬಲ್ಲವರು ಮೊದಲು ಸೂಚಿಸುವುದು ಇಂಥ ದಾರಿಗಳನ್ನೇ.

ಗಾಯದ ನಕಲು

ಜಾಕೊ ಅವರ ಕೊನೆಯ ವರ್ಷಗಳು ಕಷ್ಟದವು. ಮಾನಸಿಕ ಕಾಯಿಲೆ, ಕುಡಿತಗಳ ನಡುವೆ ಬದುಕು ಹಳಿ ತಪ್ಪಿತು. ಆ ಬೇಸ್ ಕೂಡ ಒಮ್ಮೆ ಚೂರಾಯಿತು. ಇಬ್ಬರು ಕುಶಲಕರ್ಮಿಗಳು ತುಣುಕುಗಳನ್ನು ಜೋಡಿಸಿ ಮತ್ತೆ ನುಡಿಯುವಂತೆ ಮಾಡಿಕೊಟ್ಟರು. 1986ರಲ್ಲಿ ನ್ಯೂಯಾರ್ಕಿನ ಉದ್ಯಾನವೊಂದರ ಬೆಂಚಿನ ಮೇಲಿಂದ ಅದು ಕಳುವಾಯಿತು. 1987ರ ಸೆಪ್ಟೆಂಬರ್ 21ರಂದು, ಕ್ಲಬ್ಬೊಂದರ ಬಳಿ ತಿಂದ ಹೊಡೆತಗಳಿಂದ ಚೇತರಿಸಿಕೊಳ್ಳದೆ ಜಾಕೊ ತೀರಿಕೊಂಡರು. ಆಗ ಅವರಿಗೆ 35 ವರ್ಷ.

ಎರಡು ದಶಕಗಳ ನಂತರ ವಾದ್ಯ ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಕಾಣಿಸಿಕೊಂಡಿತು. ಅದು ಅಸಲಿ ಎಂದು ಗುರುತಿಸಲು ಒದಗಿದ್ದು ಹಳೆಯ ಬಿರುಕುಗಳು, ತೇಪೆಗಳು ಮತ್ತು ಆ ರಿಪೇರಿಯ ಗುರುತುಗಳು. ಸಂಗ್ರಹಕಾರರ ಲೆಕ್ಕದಲ್ಲಿ ಬೆಲೆ ಇಳಿಸುವ ದೋಷಗಳೇ ಇಲ್ಲಿ ಅದರ ಗುರುತಿನ ಚೀಟಿಯಾದವು. ಒಡೆತನದ ವ್ಯಾಜ್ಯ ಕೆಲವು ಕಾಲ ನಡೆದ ಮೇಲೆ, ಮೆಟಾಲಿಕಾ ತಂಡದ ಬೇಸ್ ವಾದಕ ರಾಬರ್ಟ್ ಟ್ರುಹಿಯೊ ಹಣ ಕೊಟ್ಟು ಅದನ್ನು ಬಿಡಿಸಿಕೊಂಡು, ಜಾಕೊ ಕುಟುಂಬಕ್ಕೆ ಅದು ಮತ್ತೆ ದಕ್ಕುವಂತೆ ಮಾಡಿದರು.

ವಾದ್ಯ ಇನ್ನೂ ಕಾಣೆಯಾಗಿದ್ದಾಗಲೇ, 1999ರಲ್ಲಿ, ಫೆಂಡರ್ ಕಂಪನಿ ಜಾಕೊ ಹೆಸರಿನ ಮಾದರಿಗಳನ್ನು ಮಾರುಕಟ್ಟೆಗೆ ತಂದಿತು. ಮೆಟ್ಟಿಲಿಲ್ಲದ ಹಲಗೆಗೆ ಇಪಾಕ್ಸಿ ಬಳಿದದ್ದಾಯಿತು. ದುಬಾರಿ ಮಾದರಿಯಲ್ಲಂತೂ ಬಣ್ಣ ಸವೆದ ಜಾಗಗಳನ್ನು ಕೂಡ ಕುಶಲ ಕೆಲಸಗಾರರು ಅಸಲಿಯಂತೆಯೇ ಸವೆಸಿಕೊಟ್ಟರು. ಕರಾರುವಾಕ್ಕಾಗಿ ಮೆಟ್ಟಿಲು ಕೂರಿಸಿ ಹೆಸರಾದ ಕಾರ್ಖಾನೆ ಈಗ ಒಬ್ಬ ವಾದಕ ಅವನ್ನು ಇಲ್ಲವಾಗಿಸಿದ ರೀತಿಯನ್ನು ಅಷ್ಟೇ ಕರಾರುವಾಕ್ಕಾಗಿ ನಕಲು ಮಾಡತೊಡಗಿತ್ತು.